ಬೂದು ಗಾಜಿನ ಮೇಲೆ ವಿಭೂತಿ

ಕುಣಿಗಲ್‌ನಲ್ಲಿ ಕಪ್ಪು ಲೇಪ ಹಾಕಿಸಿದ, ಹೊಸ ಮಾಲಿನ ಮುಚ್ಚಳವನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಕಾರಿನ ಸೀಟಿನ ಮೇಲೆ ಇಡುತ್ತಾ ಹೆಂಡತಿಗೆ ಫೋನ್ ಮಾಡಿದೆ. ಅಂದು ಶುಕ್ರವಾರ. ತುಮಕೂರಿನ ನಮ್ಮ ವರ್ಕ್‌ಶಾಪಿನಲ್ಲಿ ಶುಕ್ರವಾರದ ಪೂಜೆ ಅವಳದ್ದು.

"ಹೊರಟೆ ಕಣೇ. ಪೂಜೆ ಮುಗ್ಸಿ ಮಾಲು ರೆಡಿ ಇಟ್ಟಿರು. ಬಂದ ತಕ್ಷಣ ಬೆಂಗಳೂರಿಗೆ ಹೋಗ್ಬೇಕು."

"ಕ್ಯಾಬಿನ್‌ನಲ್ಲಿ ಇಟ್ಟಿದೀರಲ್ಲ, ಅದಕ್ಕೂ ಮಾಡ್ಲಾ?"

"ಮೊದಲ್ನೇ ಪೀಸು ಅಲ್ವೇನೇ ಅದು? ಅದನ್ನೂ ಕೇಳ್ತೀಯಲ್ಲ. ಮಾಡು ಮಾಡು."

ಅವಳು ಕೇಳಿದ್ದಳು. ನಾನೇ ಮಾಡು ಅಂದೆ. ಮುಂದಿನದನ್ನು ಓದುವವರು ಇದೊಂದನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮಲ್ಲಿ ಹೊಸ ಕೆಲಸದ ಮೊದಲ ಪೀಸು ಮೂರು ಬೆರಳಿನ ವಿಭೂತಿ, ನಡುವೆ ಒಂದು ಕುಂಕುಮದ ಬೊಟ್ಟು ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ನಾನು ಬಾಡಿಗೆ ಶೆಡ್ಡಿನಲ್ಲಿ ಒಂದೇ ಹಳೆಯ ಲೇತ್ ಇಟ್ಟುಕೊಂಡಿದ್ದಾಗಿನಿಂದ ನಡೆದು ಬಂದದ್ದು. ಬೋರ್‌ವೆಲ್ ಪಂಪಿನ ಭಾಗ, ಅಡಿಕೆ ಸುಲಿಯುವ ಮೆಷಿನ್ನಿನ ರೋಲರ್, ಅಕ್ಕಿ ಗಿರಣಿಯ ಶಾಫ್ಟು, ಎಲ್ಲಕ್ಕೂ ಹಚ್ಚಿದ್ದೇವೆ. ಗಿರಾಕಿಗಳೂ ಅದನ್ನು ಇಷ್ಟಪಡುತ್ತಿದ್ದರು. ಪೂಜೆ ಮಾಡಿದ ಪೀಸನ್ನು ಪಾರ್ಟಿಯ ಕೈಗೆ ಕೊಟ್ಟಾಗ ಅವನು ಎರಡೂ ಕೈ ಒಡ್ಡಿ ತೆಗೆದುಕೊಳ್ಳುತ್ತಾನೆ. ಆಗ ರೇಟಿನ ಮಾತೂ ಸ್ವಲ್ಪ ಮೆತ್ತಗಾಗುತ್ತದೆ. ಇದು ನನ್ನ ಅನುಭವ.

ಈ ಸಲದ ಕೆಲಸ ಬೇರೆ ಥರದ್ದು. ಆಗ ಯಾರಿಗೂ ಹೇಳುವಂತಿರಲಿಲ್ಲ. ಈಗ ಆ ಕಂಪನಿಯವರೇ ಅದನ್ನು ಪ್ರದರ್ಶನದಲ್ಲಿಟ್ಟು ಫೋಟೋ ಹೊಡೆಸಿಕೊಂಡಿದ್ದಾರೆ, ಹಾಗಾಗಿ ಹೆಸರು, ಅಳತೆ ಬಿಟ್ಟು ಉಳಿದದ್ದನ್ನು ಹೇಳುತ್ತೇನೆ. ಪ್ರಯಾಣಿಕರ ವಿಮಾನದ ಹೊಟ್ಟೆಯ ಕೆಳಗೆ ಕೂರಿಸುವ ಒಂದು ಪೆಟ್ಟಿಗೆ ಅದು. ವಿಮಾನ ಏರುವಾಗ, ಇಳಿಯುವಾಗ ನೆಲಕ್ಕೆ ಹತ್ತಿರ ಇರುತ್ತದೆ. ಆಗ ಒಬ್ಬನೇ ಒಬ್ಬ ಮನುಷ್ಯ ಯಾವುದೋ ತೋಟದಲ್ಲೋ ಗುಡ್ಡದ ಮೇಲೋ ನಿಂತು, ಹೆಗಲ ಮೇಲಿಟ್ಟುಕೊಂಡೇ ಮಿಸೈಲ್ ಹಾರಿಸಬಹುದು. ಅದು ಎಂಜಿನ್ನಿನ ಬಿಸಿಯನ್ನು ಹುಡುಕಿಕೊಂಡು ಹೋಗುತ್ತದೆ. ಆ ಪೆಟ್ಟಿಗೆ ಅದು ಬರುವುದನ್ನು ಗುರುತಿಸಿ, ಅದರ ಕಣ್ಣಿಗೆ ಬೆಳಕು ಬಿಟ್ಟು ದಾರಿ ತಪ್ಪಿಸಬೇಕು. ಕುಣಿಗಲ್ ರಸ್ತೆಯಲ್ಲಿ ಕತ್ತಲಾದ ಮೇಲೆ ಬೈಕ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಿನ ಲಾರಿಯವನು ಡಿಮ್ ಮಾಡದೆ ಬಂದರೆ ನಾವು ರಸ್ತೆ ಬಿಟ್ಟು ಇಳಿಯುತ್ತೇವಲ್ಲ, ಹಾಗೆ.

ಆ ಬೆಳಕು ಹೊರಗೆ ಹೋಗಲು ಪೆಟ್ಟಿಗೆಗೆ ಒಂದು ಕಿಟಕಿ ಇದೆ. ಕಿಟಕಿಯನ್ನು ಹಿಡಿದುಕೊಳ್ಳುವ ಲೋಹದ ಉಂಗುರ ಮಾಡುವುದು ನಮ್ಮ ಕೆಲಸ. ಈ ಕೆಲಸ ನನಗೆ ಹೇಗೆ ಸಿಕ್ಕಿತು ಅಂತ ಬಹಳ ಜನ ಕೇಳುತ್ತಾರೆ. ಕಂಪನಿಯಿಂದ ಬಂದ ಎಂಜಿನಿಯರ್ ಹೆಣ್ಣುಮಗಳನ್ನು ನಾನು ರೇಟು ಕೇಳಲಿಲ್ಲ. "ನಿಮ್ಮ ಹಿಂದಿನ ಪಾರ್ಟಿ ಯಾಕೆ ಕೈಬಿಟ್ಟ?" ಅಂತ ಕೇಳಿದೆ. ಉಂಗುರ ಸರಿಯಾಗಿಯೇ ಬರುತ್ತೆ, ಕಿಟಕಿ ಕೂರಿಸಿದಾಗ ಎಲ್ಲೋ ಕೂದಲೆಳೆಯಷ್ಟು ಒತ್ತುತ್ತೆ ಅಂದರು. "ಹಾಗಾದ್ರೆ ಒಂದು ಕಿಟಕೀನೂ ಕೊಡಿ, ಅದಕ್ಕೇ ನೋಡಿ ನೋಡಿ ಉಂಗುರ ಮಾಡ್ತೀನಿ" ಅಂದೆ. ಒಪ್ಪಿಸಲು ಬಹಳ ಮಾತಾಡಬೇಕಾಯಿತು. ಹೊಸದಾಗಿ ಕಸುಬು ಹಿಡಿದವರು ಇದನ್ನು ಕಲಿಯಲಿ. ರೇಟು ಕೊನೆಗೆ ಬರಲಿ, ಮೊದಲು ಹಿಂದಿನವನು ಎಲ್ಲಿ ಎಡವಿದ ಅನ್ನುವುದು ಗೊತ್ತಾಗಲಿ.

ಹಾಗೆ ಚೌಕಾಸಿ ಮಾಡಿ ತಂದ ಕಿಟಕಿ ಅದು. ಅವರ ಹತ್ತಿರ ಇದ್ದದ್ದೂ ಅದೊಂದೇ. ಇನ್ನೊಂದು ಹೊರದೇಶದಿಂದ ಬರಬೇಕಿತ್ತು. ಸೋಮವಾರ ದೊಡ್ಡವರೆಲ್ಲ ಸೇರಿದ ಮುಂದೆ ಪೆಟ್ಟಿಗೆಯ ಪರೀಕ್ಷೆ. ಪಾಸಾದರೆ ಉಂಗುರದ ಕೆಲಸ ಪೂರ್ತಿ ನಮಗೆ, ಇಲ್ಲವಾದರೆ ಬೇರೆ ರಾಜ್ಯದ ಒಂದು ದೊಡ್ಡ ಫ್ಯಾಕ್ಟರಿ ಬಾಯಿ ತೆರೆದುಕೊಂಡು ಕೂತಿತ್ತು. ಈ ಕೆಲಸಕ್ಕಾಗಿ ನಾನು ಪಂಪಿನವರಿಗೆಲ್ಲ ಆಗಲ್ಲ ಅಂದು ಕಳಿಸಿದ್ದೆ. ಹೊಸ ಮೆಷಿನ್ ಇಳಿಸಿದ್ದೆ. ಇದು ತಪ್ಪಿದರೆ ಶಾಪಿನ ಬಾಗಿಲು ತೆಗೆದು ಮಾಡುವುದೇನೂ ಇರಲಿಲ್ಲ.

ಆ ಕಿಟಕಿಯನ್ನು ನೋಡಿದ ಯಾರೂ ಗಾಜು ಅನ್ನಲಾರರು. ಸ್ಲೇಟಿನ ಬಣ್ಣ, ಸ್ಟೀಲಿನ ಹೊಳಪು. ನಮ್ಮ ಮುಖ ಕಾಣುತ್ತದೆ, ಆಚೆ ಬದಿಯದು ಕಾಣುವುದಿಲ್ಲ. ಕಣ್ಣಿಗೆ ಕಾಣದ ಶಾಖದ ಬೆಳಕು ಮಾತ್ರ ಅದರೊಳಗಿಂದ ದಾಟುತ್ತದಂತೆ. ಶಾಪಿನವರು ಇದೇನು ಅಂತ ಕೇಳಿದಾಗ ನಾನು ಪಂಪಿನ ಕವರ್ ಅಂದಿದ್ದೆ. ಯಾರಿಗೂ ಹೇಳಬೇಡಿ ಅಂತ ಕಂಪನಿಯವರು ನನ್ನಿಂದ ಸಹಿ ಹಾಕಿಸಿಕೊಂಡಿದ್ದರು. ಯಾರಿಗೂ ಅಂದರೆ ಯಾರಿಗೂ. ಹೆಂಡತಿಗೂ ಪಂಪಿನ ಕವರ್ ಅಂತಲೇ ಹೇಳಿದ್ದೆ.

ಮಧ್ಯಾಹ್ನದ ಊಟ ಬಿಟ್ಟು ಕಾರು ಓಡಿಸಿಕೊಂಡು ಬಂದೆ. ಕ್ಯಾಬಿನ್ ಬಾಗಿಲು ತೆಗೆದಿತ್ತು. ಊದುಬತ್ತಿಯ ವಾಸನೆ. ನಮ್ಮ ಮೇಸ್ತ್ರಿ ಬಗ್ಗಿ ನಿಂತಿದ್ದ. ಅವನು ನಿಟ್ಟೂರಿನವನು. ಹಿಂದೆ ನಾವಿಬ್ಬರೂ ಒಂದೇ ಲೇತಿನಲ್ಲಿ ಹೆಲ್ಪರ್‌ಗಳಾಗಿದ್ದೆವು. ಜನರ ಮುಂದೆ ನನ್ನನ್ನು ಯಜಮಾನ್ರೇ ಅನ್ನುತ್ತಾನೆ, ಇಬ್ಬರೇ ಇದ್ದಾಗ ಏನ್ಲಾ ಅನ್ನುತ್ತಾನೆ. ಅವನ ಕೈಯಲ್ಲಿ ಒರೆಸುವ ಬನಿಯನ್ ಬಟ್ಟೆಯ ಮುದ್ದೆ ಇತ್ತು. ಅವನ ಮುಂದೆ, ಉಂಗುರದೊಳಗೆ ಕೂತ ಬೂದು ಗಾಜಿನ ಮೇಲೆ, ಮೂರು ಬಿಳಿ ಗೆರೆ. ನಡುವೆ ಕೆಂಪು ಬೊಟ್ಟು.

"ಮುಟ್ಬೇಡ!"

ನನ್ನ ಕೂಗಿಗೆ ಅವನು ಬಟ್ಟೆ ಕೈಬಿಟ್ಟ. ಅದು ಮೇಜಿನ ಅಂಚಿಗೆ ಬಿದ್ದು ನೆಲಕ್ಕೆ ಜಾರಿತು. ಇನ್ನೊಂದು ಗೇಣು ಈಚೆ ಬಿದ್ದಿದ್ದರೆ ಗಾಜಿನ ಮೇಲೇ ಬೀಳುತ್ತಿತ್ತು.

"ಯಾಕ್ಲಾ ಹಂಗೆ ಅರಚ್ಕೊಂತೀಯ? ಪ್ಯಾಕ್ ಮಾಡಕ್ಕೆ ಮುಂಚೆ ಒರ್ಸಿ ಲಕಲಕ ಅನ್ಸೋಣ ಅಂತಿದ್ದೆ."

"ಒರ್ಸಿದ್ಯಾ?"

"ಇಲ್ಲ ಕಣೋ, ಈಗ ಒರ್ಸೋನಿದ್ದೆ."

ಹೆಂಡತಿ ಆರತಿ ತಟ್ಟೆ ಹಿಡಿದುಕೊಂಡೇ ಹೊರಗಿನಿಂದ ಬಂದಳು. "ಏನಾಯ್ತು ರೀ? ನೀವೇ ಮಾಡು ಅಂದ್ರಲ್ಲ?"

ಆ ಗಾಜಿನ ಮೇಲೆ ಕಣ್ಣಿಗೆ ಕಾಣದ ತೆಳು ಪದರ ಒಂದಿದೆ. ಬೆಳಕು ಪೂರ್ತಿ ದಾಟುವುದು ಆ ಪದರದಿಂದಲೇ ಅಂತ ಎಂಜಿನಿಯರ್ ನನಗೆ ಹೇಳಿದ್ದರು. ಬೆರಳು ತಾಗಿಸಬೇಡಿ, ಉಸಿರು ಕೂಡ ಬಿಡಬೇಡಿ ಅಂದಿದ್ದರು. ಫೋನಿನಲ್ಲಿ ಮಾಡು ಅಂದಾಗ ನನ್ನ ತಲೆಯಲ್ಲಿದ್ದದ್ದು ಉಂಗುರ ಮಾತ್ರ. ವಿಭೂತಿ ಅಂದರೆ ಬೂದಿ. ಬೂದಿಯಲ್ಲಿ ನಾವು ಪಾತ್ರೆ ತಿಕ್ಕುತ್ತೇವೆ.

ಮೇಸ್ತ್ರಿ ಬಾಗಿಲು ಹಾಕಿ ಬಂದು ಮೆಲ್ಲಗೆ ಅಂದ, "ನೋಡ್ಲಾ, ಮೆತ್ತಗಿನ ಬಟ್ಟೆ ತಗೊಂಡು ಹೂವಿನಂಗೆ ಒರ್ಸ್ತೀನಿ. ಪ್ಯಾಕ್ ಮಾಡಿ ಕಳ್ಸ್‌ಬುಡು. ಗೀರು ಬಿದ್ರೆ ದಾರೀಲಿ ಬಿತ್ತು ಅನ್ಕೊಂತಾರೆ. ಯಾರು ನೋಡಕ್ಕೆ ಬರ್ತಾರೆ ಇಲ್ಲಿ?"

ಅವನ ಮಾತು ನನಗೆ ತಪ್ಪು ಅನ್ನಿಸಲಿಲ್ಲ ಎಂಬುದು ನಿಜ. ಅವನಿಗಿಂತ ಮೊದಲೇ ನನ್ನ ತಲೆಯಲ್ಲಿ ಆ ಲೆಕ್ಕ ಓಡಿತ್ತು. ಆದರೆ ಒರೆಸಿ ಗೀರು ಬಿದ್ದರೆ ಸೋಮವಾರ ಎಲ್ಲರ ಮುಂದೆ ಗೊತ್ತಾಗುತ್ತದೆ, ಆಮೇಲೆ ನನ್ನ ಬಾಯಿಗೆ ಬೆಲೆ ಇರುವುದಿಲ್ಲ. ಒರೆಸಿಯೂ ಪರೀಕ್ಷೆಯಲ್ಲಿ ಪಾಸಾಗಿಬಿಟ್ಟರೆ? ಅದು ಇನ್ನೂ ಕೆಟ್ಟದ್ದು ಅಂತ ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ಹೆದರಿಕೆಗೆ ಫೋನ್ ಕೈಗೆತ್ತಿಕೊಂಡೆ, ಅಷ್ಟೇ.

ಎಂಜಿನಿಯರ್ ಮೇಡಂಗೆ ಫೋನಿನಲ್ಲೂ ಮೊದಲು ಅರ್ಧವನ್ನೇ ಹೇಳಿದೆ. "ಮೇಡಂ, ಕಿಟಕಿ ಮೇಲೆ ಸ್ವಲ್ಪ ಧೂಳು ಕೂತಿದೆ. ಏನು ಮಾಡ್ಲಿ?"

"ಧೂಳಾ? ಒಣ ಗಾಳಿ ಬಿಡಿ ಸಾರ್, ಹೋಗುತ್ತೆ. ಕಿಟಕಿ ಜೊತೆ ಬ್ಲೋಯರ್ ಕೊಟ್ಟಿದೀನಲ್ಲ."

ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಗೆರೆಗಳ ಅಂಚು ಒಣಗಿ ಬಿರಿಯಲು ಶುರುವಾಗಿತ್ತು. ಅದರ ಮೇಲೆ ಗಾಳಿ ಹಾಯಿಸಿದರೆ ಕಣಗಳು ಗಾಜಿನ ಮೈಮೇಲೆ ಜಾರಿಕೊಂಡೇ ಹೋಗುತ್ತವೆ. ಅರ್ಧ ಹೇಳಿದ್ದಕ್ಕೆ ಅರ್ಧ ಉತ್ತರವೇ ಸಿಕ್ಕಿತ್ತು.

"ಧೂಳಲ್ಲ ಮೇಡಂ. ವಿಭೂತಿ."

ಕರೆ ಕಡಿಯಿತೇನೋ ಅಂತ ಫೋನ್ ನೋಡಿದೆ.

"ಏನಂದ್ರಿ?"

"ಮೊದಲನೇ ಪೀಸಿಗೆ ಪೂಜೆ ಮಾಡ್ತೀವಿ ಮೇಡಂ. ಕಿಟಕಿಗೇ ಹಚ್ಚಿಬಿಟ್ಟಿದಾರೆ. ಕುಂಕುಮಾನೂ ಇದೆ."

"ಯಾರಾದ್ರೂ ಒರೆಸಿದ್ರಾ?" ಈಗ ಅವರ ಧ್ವನಿಯೇ ಬೇರೆ ಇತ್ತು.

"ಇಲ್ಲ."

"ನಿಜ ಹೇಳಿ ಸಾರ್."

"ಇಲ್ಲ ಮೇಡಂ, ನನ್ನ ಹೆಂಡತಿ ಇಲ್ಲೇ ಇದಾಳೆ, ಕೇಳಿ."

ಸ್ಪೀಕರ್ ಹಾಕಿದೆ. ಅವರು ನೇರವಾಗಿ ನನ್ನ ಹೆಂಡತಿಯ ಜೊತೆ ಮಾತಿಗಿಳಿದರು. ವಿಭೂತಿ ಒಣ ಪುಡಿಯೋ, ನೀರಿನಲ್ಲಿ ತೇಯ್ದದ್ದೋ? ಗಟ್ಟಿ ವಿಭೂತಿ, ನೀರಿನಲ್ಲಿ ತೇಯ್ದು ಹಚ್ಚಿದ್ದು ಅಂದಳು. ಒತ್ತಿ ಎಳೆದ್ರಾ? ಇಲ್ಲ, ಹಣೆಗೆ ಹಚ್ಚೋ ಹಾಗೆ. ಕುಂಕುಮ ಅಂಗಡಿಯದೋ?

"ಮನೇದು. ನಮ್ಮಕ್ಕ ಮಾಡೋದು, ಗುಬ್ಬೀಲಿ."

"ಅದಕ್ಕೆ ಏನೇನು ಹಾಕ್ತಾರೆ ಅಂತ ಗೊತ್ತಾಗ್ಬೇಕು. ಈಗ್ಲೇ. ಅದರ ಮೇಲೆ ನಾನು ಯಾವ ದ್ರಾವಣ ತರ್ಬೇಕು ಅನ್ನೋದಿದೆ."

ಗುಬ್ಬಿಗೆ ಫೋನ್ ಹೋಯಿತು. ಅವಳ ಭಾವ ಕೊಬ್ಬರಿ ಮಂಡಿಗೆ ಹೋದ ಹೊತ್ತು, ಅವಳಕ್ಕ ಬಿಡುವಾಗಿದ್ದರು.

"ಏನೇ, ಕುಂಕುಮ ಆಗ್ಲೇ ಖಾಲಿ ಮಾಡ್ದ್ಯಾ? ಮೈಗೆಲ್ಲ ಬಳ್ಕೊಂತೀಯಾ?"

"ಅಕ್ಕ, ಅದಕ್ಕೆ ಏನೇನು ಹಾಕ್ತೀಯ, ಬೇಗ ಹೇಳು."

"ಯಾಕೆ, ಹಣೆ ಉರೀತಾ?"

"ಹಣೆಗಲ್ಲಕ್ಕ, ಪಂಪಿಗೆ ಹಚ್ಚಿದ್ದೆ."

"ಪಂಪು ಉರೀತಾ!"

"ಅಕ್ಕಾ!"

"ಅರಿಶಿನದ ಕೊಂಬು ಕಣೇ. ನಿಂಬೆರಸದಲ್ಲಿ ಬಿಳಿಗಾರ ಕಲ್ಸಿ ಅದರಲ್ಲಿ ನೆನೆಹಾಕಿ, ನೆರಳಲ್ಲಿ ಒಣಗ್ಸಿ ಕುಟ್ಟೋದು. ಕೊನೆಗೆ ಒಂಚೂರು ತುಪ್ಪ. ಅಮ್ಮ ಮಾಡ್ತಿದ್ದಂಗೇನೇ."

ತುಪ್ಪ, ನಿಂಬೆರಸ, ಬಿಳಿಗಾರ ಎಲ್ಲವನ್ನೂ ಬೆಂಗಳೂರಿಗೆ ಒಪ್ಪಿಸಿದೆವು. ಮೇಡಂ ಹೇಳಿದ್ದಿಷ್ಟು: "ಯಾರೂ ಒರೆಸ್ಬೇಡಿ. ಒಣಗಕ್ಕೂ ಬಿಡ್ಬೇಡಿ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಇದ್ರೆ, ಸೀಲ್ ಒಡೀದೇ ಇರೋ ಕ್ಯಾನ್, ಅದನ್ನ ಹನಿಹನಿಯಾಗಿ ಮೇಲಿಂದ ಬಿಡ್ತಾ ಇರಿ. ಕೈ ಮಾತ್ರ ತಾಗಿಸ್ಬೇಡಿ. ನಾನು ಹೊರಟೆ."

ಯುಪಿಎಸ್ ಬ್ಯಾಟರಿಗೆಂದು ತಂದಿಟ್ಟ ಕ್ಯಾನು ಇತ್ತು. ಉಂಗುರವನ್ನು ಸ್ವಲ್ಪ ಓರೆ ಮಾಡಿ ತಟ್ಟೆಯಲ್ಲಿ ನಿಲ್ಲಿಸಿದೆವು. ಹೊಸ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಸರದಿಯ ಮೇಲೆ ಹಿಡಿದು ಕೂತೆವು. ಒಬ್ಬರ ತೋಳು ಸೋತರೆ ಇನ್ನೊಬ್ಬರು. ಹೊರಗೆ ಮೆಷಿನ್‌ಗಳನ್ನು ನಿಲ್ಲಿಸಿದ್ದೆ, ಧೂಳು ಏಳಬಾರದು ಅಂತ. ಅಷ್ಟು ದಿನದಲ್ಲಿ ಆ ಶೆಡ್ಡು ಹಗಲು ಹೊತ್ತು ಅಷ್ಟು ಸುಮ್ಮನಿದ್ದದ್ದು ನಾನು ಕಾಣೆ. ಬಿಳಿ ನೀರು ಗೆರೆ ಬಿಟ್ಟು ನಿಧಾನ ಇಳಿಯುತ್ತಿತ್ತು. ಕೆಂಪು ಬೊಟ್ಟು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

"ಅಭಿಷೇಕಾನೇ ಆಗೋಯ್ತಲ್ಲ ಯಜಮಾನ್ರೇ," ಅಂದ ಮೇಸ್ತ್ರಿ. ಯಾರೂ ನಗದಿದ್ದಾಗ ತಾನೇ ಬಾಟಲಿ ಇಸಕೊಂಡ.

ಹೆಂಡತಿ ಬಹಳ ಹೊತ್ತಿನ ಮೇಲೆ ಕೇಳಿದಳು. "ಇದು ಪಂಪಿಂದಲ್ಲ, ಅಲ್ವಾ?"

"ಅಲ್ಲ."

"ಮತ್ತೆ ಏನಕ್ಕೆ?"

"ಹೇಳೋ ಹಾಗಿಲ್ಲ ಕಣೇ."

"ಸರಿ. ಏನಕ್ಕೆ ಅಂತ ಹೇಳ್ಬೇಡಿ. ಇದರ ಮುಖ ಮುಟ್ಬೇಡ ಅಂತಾದ್ರೂ ಹೇಳ್ಬಾರ್ದಾಗಿತ್ತಾ?"

ಕಸುಬಿನವರಿಗೆ ನಾನು ಈಗ ಕೊಡುವ ಬುದ್ಧಿಮಾತೆಲ್ಲ ಅವಳ ಆ ಒಂದು ಪ್ರಶ್ನೆಯಿಂದ ಬಂದದ್ದು. ಗುಟ್ಟು ಕಾಪಾಡಿ ಅಂದರೆ ವಸ್ತು ಯಾರಿಗೆ, ಯಾತಕ್ಕೆ ಅನ್ನುವುದನ್ನು ಕಾಪಾಡಿ. ಅದನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಅನ್ನುವುದನ್ನೂ ಮುಚ್ಚಿಟ್ಟರೆ, ನಿಮ್ಮ ಕೈಕೆಳಗಿನವರು ನಿಮ್ಮ ಸುಳ್ಳನ್ನೇ ನಂಬಿ ಕೆಲಸ ಮಾಡುತ್ತಾರೆ. ಅವಳು ಪಂಪಿನ ಕವರ್‌ಗೆ ಪೂಜೆ ಮಾಡಿದ್ದಳು. ಪಂಪಿನ ಕವರ್‌ಗೆ ಅದರಿಂದ ಏನೂ ಆಗುತ್ತಿರಲಿಲ್ಲ.

ನೆಲಮಂಗಲದ ಹತ್ತಿರ ಟ್ರಾಫಿಕ್ಕು. ಮೇಡಂ ಬಂದಾಗ ದೀಪ ಹಚ್ಚುವ ಹೊತ್ತು. ಚಪ್ಪಲಿ ಹೊರಗೆ ಬಿಟ್ಟು, ಬಿಳಿ ಕೈಗವಸು ಹಾಕಿಕೊಂಡು, ನಮ್ಮ ಯಾರ ಮುಖವನ್ನೂ ನೋಡದೆ ನೇರ ಗಾಜಿನ ಮುಂದೆ ಕೂತರು. ಬಿಳಿ ಹೆಚ್ಚುಕಡಿಮೆ ಹೋಗಿತ್ತು. ಅವರು ತೆಳು ಕಾಗದದ ಹಾಳೆಯೊಂದನ್ನು ಗಾಜಿನ ಮೇಲೆ ಹಾಸಿ, ಮೇಲೆ ದ್ರಾವಣದ ಹನಿ ಬಿಟ್ಟು, ಕಾಗದವನ್ನು ಅದರ ಭಾರಕ್ಕೇ ಬಿಟ್ಟು ಒಂದು ಕಡೆಗೆ ಎಳೆದರು. ಒತ್ತಲಿಲ್ಲ. ಇನ್ನೊಂದು ಹಾಳೆ. ಮತ್ತೊಂದು. ಒಮ್ಮೆ ಬಳಸಿದ್ದನ್ನು ಮತ್ತೆ ಮುಟ್ಟಲಿಲ್ಲ. ಮೇಸ್ತ್ರಿ ಉಸಿರು ಹಿಡಿದುಕೊಂಡು ನೋಡುತ್ತಿದ್ದ. ಬೊಟ್ಟಿನ ಕೆಂಪು ಒಂದೊಂದು ಹಾಳೆಗೂ ತೆಳುವಾಗುತ್ತಾ ಬಂದು ಕೊನೆಗೆ ಹೋಯಿತು.

"ಹೋಯ್ತು!" ಅಂದೆ.

"ಕಣ್ಣಿಗೆ ಹೋಯ್ತು," ಅಂದರು ಮೇಡಂ. "ಬಿಸಿ ಕಾಫಿ ಸಿಗುತ್ತಾ? ಕುಡಿಯಕ್ಕಲ್ಲ."

ಹೆಂಡತಿ ಸ್ಟೀಲ್ ಲೋಟದ ತುಂಬ ಹೊಗೆಯಾಡುವ ಕಾಫಿ ತಂದಿಟ್ಟಳು. ಮೇಡಂ ತಮ್ಮ ಫೋನಿಗೆ ಶಾಖ ಕಾಣುವ ಸಣ್ಣ ಕ್ಯಾಮೆರಾ ಸಿಕ್ಕಿಸಿ, ಕಿಟಕಿಯ ಈ ಕಡೆಯಿಂದ ಆ ಕಡೆಯ ಲೋಟದತ್ತ ಹಿಡಿದರು. ಬರಿಗಣ್ಣಿಗೆ ನಮ್ಮ ಮುಖ ಬಿಟ್ಟು ಏನೂ ಕಾಣದ ಆ ಬೂದು ತಟ್ಟೆಯ ಮೂಲಕ, ಫೋನಿನ ಪರದೆಯ ಮೇಲೆ ಕಾಫಿ ಬೆಳ್ಳಗೆ ಉರಿಯುತ್ತಿತ್ತು. ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು.

"ಇದು ಗಾಜಾ!"

"ಹೂಂ," ಅಂದ ಮೇಡಂ ಒಮ್ಮೆ ನನ್ನ ಕಡೆ ನೋಡಿ, ಅವಳಿಗೆ ಎರಡೇ ಮಾತಿನಲ್ಲಿ ಅದು ಯಾತಕ್ಕೆ ಅಂತ ಹೇಳಿಬಿಟ್ಟರು. ವಿಮಾನ, ಮಿಸೈಲು, ಬೆಳಕು. ನನ್ನ ಸಹಿಗೆ ಅವರೇ ಜವಾಬ್ದಾರರು ಅಂದುಕೊಂಡೆ.

ಆಮೇಲೆ ಅವರು ಫೋನನ್ನು ಅತ್ತಿತ್ತ ನಿಧಾನ ಸರಿಸಿದರು. ಕಾಫಿಯ ಬಿಳುಪಿನ ಮೇಲೆ, ಬೊಟ್ಟು ಇದ್ದ ಜಾಗದಲ್ಲಿ, ಮಂಕಾದ ಒಂದು ಕಲೆ ಬಂದು ಹೋಯಿತು. ಮತ್ತೆ ಸರಿಸಿದರು. ಮತ್ತೆ ಬಂತು.

"ಕುಂಕುಮ ಪದರಾನ ತಿಂದಿದೆ," ಅಂದರು. "ವಿಭೂತಿ ಇದ್ದ ಕಡೆ ಏನೂ ಆಗಿಲ್ಲ, ಒರೆಸಿಲ್ಲ ಅಂತ. ಇಲ್ಲಿ ಮಾತ್ರ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಉದ್ದಿನ ಕಾಳಿನಷ್ಟಿದೆ ಮೇಡಂ. ಉಂಗುರ ತಿರುಗಿಸಿ ಕೂರಿಸೋಣ. ಸೋಮವಾರ ಒಂದು ದಿನ ನಡೀಲಿ. ಹೊಸ ಕಿಟಕಿ ಬಂದ ಮೇಲೆ ಬದಲಾಯಿಸಿ. ನಿಮಗೂ ತೊಂದ್ರೆ ಬೇಡ, ನಮಗೂ ಬೇಡ."

ಮೇಡಂ ಫೋನನ್ನು ಮತ್ತೆ ಕಲೆಯ ಕಡೆಗೆ ಹಿಡಿದರು. ಅವರೂ ಅದನ್ನೇ ಯೋಚಿಸುತ್ತಿದ್ದರೋ ಏನೋ. ಪರೀಕ್ಷೆ ಮುಂದೆ ಹೋದರೆ ಅವರ ತಲೆಗೂ ಬರುತ್ತಿತ್ತು. ಆಗ ಹೆಂಡತಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಆ ಕಲೆ ಇರೋ ಕಡೆಯಿಂದಾನೇ ಮಿಸೈಲು ಬಂದ್ರೆ ರೀ?"

ಅವಳು ಕುತೂಹಲಕ್ಕೆ ಕೇಳಿದ್ದು. ಆಕ್ಷೇಪ ಇರಲಿಲ್ಲ. ಮೇಡಂ ಕೈಗವಸು ಕಳಚಿ ಡಬ್ಬಿಗೆ ಹಾಕಿದರು. "ಇದನ್ನ ಟೆಸ್ಟ್‌ಗೆ ಹಾಕಲ್ಲ ಸಾರ್."

ಸೋಮವಾರದ ಬೆಳಕಿನ ಪರೀಕ್ಷೆ ನಿಂತಿತು. ಅಲ್ಲಾಡಿಸುವ, ಕಾಯಿಸಿ ತಣಿಸುವ ಪರೀಕ್ಷೆಯಾದರೂ ನಡೆಯಲಿ, ಕಿಟಕಿಯ ಬದಲು ಅದೇ ತೂಕದ ಲೋಹದ ಬಿಲ್ಲೆ ಹಾಕೋಣ ಅಂತ ನಾನೇ ಅಂದೆ. ಮೇಡಂ ಫೋನಿನಲ್ಲಿ ಯಾರನ್ನೋ ಕೇಳಿ ಒಪ್ಪಿದರು. ನಿಲ್ಲಿಸಿದ್ದ ಮೆಷಿನ್ ಶುರು ಮಾಡಿ ಬಿಲ್ಲೆ ಕೊರೆದೆವು. ಉಂಗುರದ ಜೊತೆ ಬಿಲ್ಲೆಯನ್ನು, ಬೇರೆ ಡಬ್ಬಿಯಲ್ಲಿ ಕೆಟ್ಟ ಕಿಟಕಿಯನ್ನು ಅವರು ತೆಗೆದುಕೊಂಡು ಹೋದರು. ಹೋಗುವಾಗ ಕೇಳಿದೆ, "ಕೆಲಸ ನಮಗೆ ಉಳಿಯುತ್ತಾ ಮೇಡಂ?" "ಅದು ನನ್ನ ಕೈಲಿಲ್ಲ ಸಾರ್. ನಡೆದದ್ದು ನಡೆದ ಹಾಗೆ ಹೇಳ್ತೀನಿ. ನೀವೇ ಫೋನ್ ಮಾಡಿದ್ರಿ ಅನ್ನೋದನ್ನೂ ಹೇಳ್ತೀನಿ," ಅಂದರು. ಮೊದಲು ಧೂಳು ಅಂದಿದ್ದನ್ನು ಹೇಳುತ್ತೀರಾ ಅಂತ ನಾನು ಕೇಳಲಿಲ್ಲ.

ಸೋಮವಾರ ಕಳೆಯಿತು. ಫೋನಿಲ್ಲ. ಮಂಗಳವಾರ ಮೇಸ್ತ್ರಿ ಟೀ ಕುಡಿಯಲೂ ಹೊರಗೆ ಹೋಗಲಿಲ್ಲ. ಪಂಪಿನವರೊಬ್ಬರಿಗೆ ನಾನೇ ಫೋನ್ ಮಾಡಿ "ಹೇಗಿದೀರಿ" ಅಂದೆ. ಅವರು ಕೆಲಸವನ್ನು ಬೇರೆ ಕಡೆ ಕೊಟ್ಟಾಗಿತ್ತು.

ಬುಧವಾರ ಮೇಡಂ ಫೋನ್ ಮಾಡಿದರು. "ಉಂಗುರ ಪಾಸಾಗಿದೆ ಸಾರ್. ಉಂಗುರದ ಕೆಲಸ ನಿಮ್ದೇ. ಆದ್ರೆ ಕಿಟಕಿ ಇನ್ಮೇಲೆ ನಿಮ್ಮಲ್ಲಿಗೆ ಬರಲ್ಲ. ಹೊಂದಿಸಬೇಕಾದಾಗ ಉಂಗುರ ತಗೊಂಡು ನೀವೇ ಇಲ್ಲಿಗೆ ಬರ್ಬೇಕು."

ಪ್ರತಿ ಸಲ ಬೆಂಗಳೂರಿಗೆ ಹೊತ್ತುಕೊಂಡು ಹೋಗಿ, ಅವರ ಕ್ಯಾಬಿನ್‌ನಲ್ಲಿ ಕೂತು ನೋಡಿ, ಮತ್ತೆ ತುಮಕೂರಿಗೆ ಬಂದು ತೀಡಬೇಕು. ಚೌಕಾಸಿ ಮಾಡಿ ಗಳಿಸಿದ್ದ ಅನುಕೂಲ ಅದೊಂದೇ, ಅದು ಹೋಯಿತು. ಆದರೂ ಬಾಗಿಲು ಮುಚ್ಚುವ ಮಾತಿರಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿ ಸ್ಟೂಲಿನ ಮೇಲೆ ಕುಸಿದು ಕೂತ.

"ಒಪ್ಪಿಗೆ ಮೇಡಂ. ಒಂದೇ ಒಂದು ಬೇಡಿಕೆ ಇದೆ."

"ರೇಟು ಮಾತಾಡ್ಬೇಡಿ ಸಾರ್, ಈಗ ಬೇಡ."

"ರೇಟಲ್ಲ. ಯಾತಕ್ಕೆ ಅಂತ ನಾನು ಯಾರಿಗೂ ಹೇಳಲ್ಲ. ಎಲ್ಲಿ ಮುಟ್ಬೇಕು, ಎಲ್ಲಿ ಮುಟ್ಬಾರ್ದು ಅನ್ನೋದನ್ನ ನನ್ನ ಶಾಪಿನವರಿಗೆಲ್ಲ ಹೇಳಕ್ಕೆ ಒಪ್ಪಿಗೆ ಕೊಡಿ. ನಿಮ್ಮ ಹುಡುಗರು ಯಾರಾದ್ರೂ ಬಂದು ಕನ್ನಡದಲ್ಲಿ ಹೇಳಿಕೊಟ್ರೆ ಇನ್ನೂ ಒಳ್ಳೇದು."

ಅವರು ಮೇಲಿನವರನ್ನು ಕೇಳಬೇಕು ಅಂದರು. ನಾನು ಬಿಡಲಿಲ್ಲ. ಕಾಫಿ ಕೊಡ್ತೀವಿ, ಈ ಸಲ ಕುಡಿಯಕ್ಕೇ, ಅಂದೆ. ಅವರು ನಕ್ಕರು. ಆ ವಾರದ ಕೊನೆಗೆ ಒಪ್ಪಿಗೆ ಬಂತು. ಹೇಳಿಕೊಡಲು ಬಂದವರು ಅವರೇ. ಶಾಪಿನವರನ್ನೆಲ್ಲ ಕೂರಿಸಿಕೊಂಡು ಮಾತಾಡಿದರು. ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದವಳು ನನ್ನ ಹೆಂಡತಿ. ಕೊನೆಗೆ ನನ್ನ ಕಡೆ ತಿರುಗಿ ಎಲ್ಲರೆದುರೇ ಅಂದಳು, "ನೀವೂ ಕೇಳಿಸ್ಕೊಂಡ್ರಾ? ನಿಮಗೇ ಮೊದಲು ಹೇಳ್ಬೇಕಾಗಿತ್ತು ಇದು."